ಸಣ್ಣ ಬಾಯಿಯ ಗಾಡಿ

ಎಂಟು ಸಿಲಿಂಡರು, ನಾಲ್ಕು ಸಾವಿರದ ಎಂಟುನೂರು ಸಿಸಿ, ಐದುನೂರಾ ಇಪ್ಪತ್ತು ಕುದುರೆಗಳ ಶಕ್ತಿ. ಎಂಟು ಗೇರು, ಇಪ್ಪತ್ತೊಂದು ಇಂಚಿನ ಗಾಲಿ, ತೊಂಬತ್ತು ಲೀಟರಿನ ಟಾಕಿ. ತೂಕ ಎರಡೂಕಾಲು ಟನ್ನು. ನಿಂತಲ್ಲಿಂದ ನೂರರ ವೇಗ ಮುಟ್ಟಲು ನಾಲ್ಕೂವರೆ ಸೆಕೆಂಡು. ಶಿರಗುಪ್ಪಿಯ ನಮ್ಮ ಮನೆಯಲ್ಲಿ ಇಷ್ಟನ್ನೂ ತಪ್ಪಿಲ್ಲದೆ ಹೇಳಬಲ್ಲವರು ಇಬ್ಬರು. ಒಬ್ಬರು ಆ ಗಾಡಿ ತಂದ ನನ್ನ ಯಜಮಾನರು. ಇನ್ನೊಬ್ಬಳು ನಾನು, ಗಾಡಿ ಓಡಿಸಲು ಬಾರದವಳು. ಬಂದವರಿಗೆ ಚಹಾ ಕೊಡಲು ಪಡಸಾಲೆಗೆ ಹೋದಾಗಲೆಲ್ಲ ಕಿವಿಗೆ ಬಿದ್ದು ಬಿದ್ದು ಬಂದ ಪಾಠ ಅದು.

ಗಾಡಿಯನ್ನು ಅವರು ಕೊಲ್ಹಾಪುರದ ಒಬ್ಬ ವ್ಯಾಪಾರಿಯಿಂದ ತಂದರು. ಮೂರು ವರ್ಷ ಓಡಿದ ಗಾಡಿ, ಆದರೆ ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಜೊತೆಗೆ ಒಂದು ದಪ್ಪ ಹಾಳೆ ಬಂದಿತ್ತು. ಗಾಡಿಯ ಗುಣಗಳೆಲ್ಲ ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿದ್ದವು. ಯಜಮಾನರು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಬಿಸಿಲು ತಡೆಯುವ ಪಟ್ಟಿಯ ಹಿಂದೆ ಸಿಕ್ಕಿಸಿಟ್ಟರು. ಕಬ್ಬು ಕಡಿಯುವ ಟೋಳಿಯವರು ಬರಲಿ, ಕಾಗವಾಡದ ಬೀಗರು ಬರಲಿ, ಆ ಹಾಳೆ ಕೆಳಗಿಳಿಯುತ್ತಿತ್ತು.

ಅತ್ತೆಯವರು ಮೊದಲ ದಿನವೇ ಕಟ್ಟೆಯ ಮೇಲೆ ಕೂತು ಕೇಳಿದರು: "ಟ್ರ್ಯಾಕ್ಟರ್ ಎಷ್ಟ ಕುದುರೀದಪಾ?"

"ನಲವತ್ತೈದರದ, ಅವ್ವಾ."

"ಇದು?"

"ಐದನೂರಾ ಇಪ್ಪತ್ತ."

"ನಲವತ್ತೈದ ಕುದುರಿ ಹೊಲಾ ಊಳತಾವ, ಕಬ್ಬ ಜಗ್ಗತಾವ. ಇವು ಐದನೂರಾ ಇಪ್ಪತ್ತ ಏನ ಮಾಡತಾವ? ನಿನ್ನ ಕುಂಡರಿಸಿಕೊಂಡ ಬಸದಿಗೆ ಹೋಗಿ ಬರತಾವ."

ಯಜಮಾನರು ನಕ್ಕರು. ನಾನೂ ಸೆರಗು ಅಡ್ಡ ಹಿಡಿದು ನಕ್ಕೆ. ಗಾಡಿಯ ಬಗ್ಗೆ ನನಗೆ ಸಿಟ್ಟಿರಲಿಲ್ಲ. ದ್ರಾಕ್ಷಿ ತೋಟದಲ್ಲಿ ಮೂವತ್ತು ವರ್ಷ ಬಗ್ಗಿ ನಿಂತ ಮನುಷ್ಯನಿಗೆ ಒಂದು ಖುಷಿ ಬೇಡವೇ ಎಂದುಕೊಂಡಿದ್ದೆ. ನಿಂತಲ್ಲಿಂದ ನೂರಕ್ಕೆ ಹೋಗುವ ಆ ಆಟವನ್ನು ಅಂಕಲಿ ದಾರಿಯಲ್ಲಿ ಒಂದು ಸಲ ತೋರಿಸಿದರು. ನಾನು ಹೆದರಿ ಣಮೋಕಾರ ಮಂತ್ರ ಹಿಡಿದೆ. ಐದು ಸಾಲಿನ ಮಂತ್ರದಲ್ಲಿ ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಗಾಡಿ ನೂರು ಮುಟ್ಟಿತ್ತು. ಉಳಿದ ಮೂರು ಸಾಲುಗಳನ್ನು ಕಣ್ಣು ಮುಚ್ಚಿಯೇ ಮುಗಿಸಿದೆ.

ನನ್ನದೊಂದು ರೂಢಿ ಇದೆ. ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಆಗುತ್ತದೆ. ಊಟ ಮುಗಿಸಿ, ದೇವರ ಕೋಣೆಯಲ್ಲಿ ಜಪಮಾಲೆ ಹಿಡಿದು ಕೂತು, ಅಂದಿನ ದಿನ ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುತ್ತೇನೆ. ಹಾಲು ಒಡೆಯಲಿಲ್ಲ, ಒಂದು. ಅತ್ತೆಯವರ ಮೊಣಕಾಲು ಇವತ್ತು ನೋಯಲಿಲ್ಲ, ಎರಡು. ಹೀಗೆ. ಇದನ್ನು ಹೇಳಲು ಕಾರಣವಿದೆ. ಒಂದು ದಿನ ನಾನು ಎಣಿಸಬಾರದ್ದನ್ನು ಎಣಿಸಿದೆ.

ಅವು ಚಾತುರ್ಮಾಸದ ದಿನಗಳು. ನಿಪ್ಪಾಣಿಯ ಹತ್ತಿರದ ಒಂದು ಊರಿನಲ್ಲಿ ಒಬ್ಬರು ಮಾತಾಜಿ, ನಮ್ಮ ಸನ್ಯಾಸಿನಿ, ಬಂದು ನೆಲೆಸಿದ್ದರು. ಅವರು ದಿನಕ್ಕೊಂದೇ ಸಲ, ಬೆಳಿಗ್ಗೆ ಹತ್ತರ ಸುಮಾರಿಗೆ ಆಹಾರ ತೆಗೆದುಕೊಳ್ಳುವವರು. ಆಹಾರ ಕೊಡುವ ಪಾಳಿ ಅಂದು ನಮಗೂ ಸಿಕ್ಕಿತ್ತು. ಹನ್ನೆರಡು ವರ್ಷಗಳ ಹಿಂದೆ ಸುಳ್ಳು ಹೇಳುವುದಿಲ್ಲವೆಂದು ನಾನು ನೇಮ ತೆಗೆದುಕೊಂಡದ್ದು ಇದೇ ಮಾತಾಜಿಯವರ ಮುಂದೆ. ನಸುಕಿನಲ್ಲೇ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ನಾನೇ ಬೀಸಿದ ಹಿಟ್ಟು, ಮನೆಯ ತುಪ್ಪ, ಸೋಸಿದ ಬಾವಿ ನೀರಿನ ಕೊಡ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಕೃಷ್ಣೆಯ ಸೇತುವೆ ದಾಟಿ, ಚಿಕ್ಕೋಡಿ ದಾಟುವಷ್ಟರಲ್ಲಿ ತಡವಾಗಿತ್ತು. ಟಾಕಿ ತಳ ಕಂಡಿತ್ತು. ಚಿಕ್ಕೋಡಿಯಿಂದ ಮುಂದೆ ನಿಪ್ಪಾಣಿ ರಸ್ತೆಯಲ್ಲಿ ಒಂದು ಪಂಪಿನೊಳಗೆ ಗಾಡಿ ತಿರುಗಿಸಿದರು.

ಪಂಪಿನ ಸಾಹುಕಾರರು ಹೊರಗೇ ನಿಂತಿದ್ದರು. ಗಾಡಿ ನೋಡಿ ಅವರ ಹುಬ್ಬು ಮೇಲೇರಿತು. ಅಷ್ಟು ಸಾಕಾಯಿತು. ಯಜಮಾನರು ಟಾಕಿಯ ಮುಚ್ಚಳ ತೆರೆಯುವ ಗುಂಡಿ ಒತ್ತಿ, ಹಾಳೆ ಹಿಡಿದು ಇಳಿದರು. "ಬರ್ರಿ, ನೋಡ್ರಿ" ಎಂದು ಸಾಹುಕಾರರನ್ನು ಕರೆದುಕೊಂಡು ಗಾಡಿಯ ಮುಂದೆ ಹೋಗಿ, ಬಾನೆಟ್ ಎತ್ತಿದರು. ಎತ್ತಿದ ಬಾನೆಟ್ಟಿನ ಆಚೆ ಇಬ್ಬರೂ ಕಾಣದಾದರು. "ಎಂಟ ಸಿಲಿಂಡರ್ ಅದಾವ್ರಿ, ನಾಕ ಈ ಕಡೆ, ನಾಕ ಆ ಕಡೆ" ಎನ್ನುವ ದನಿ ಮಾತ್ರ ಬರುತ್ತಿತ್ತು.

ಎಣ್ಣೆ ಹಾಕುವವರು ಯಾರೋ ನನ್ನ ಕಿಟಕಿಯ ಹತ್ತಿರ ಬಂದರು. ನೋಡಿದರೆ ಹೆಂಗಸು. ಮೂವತ್ತೈದರ ಆಸುಪಾಸು, ಸೀರೆಯ ಮೇಲೆ ಪಂಪಿನ ನೀಲಿ ಅಂಗಿ, ಕೂದಲು ಬಿಗಿಯಾಗಿ ಕಟ್ಟಿದ್ದಳು.

"ಏನ ಹಾಕ್ಲಿರಿ ಅಕ್ಕಾರ?"

ನಾನು ಜಪಮಾಲೆಯ ಅರ್ಧದಲ್ಲಿದ್ದೆ. ಕಣ್ಣೆತ್ತದೆ ಹೇಳಿದೆ: "ಎಣ್ಣಿ ಹಾಕವಾ. ಫುಲ್ ಮಾಡು. ಲಗೂನ."

ನಮ್ಮ ಮನೆಯಲ್ಲಿ ಎಣ್ಣಿ ಅಂದರೆ ಗಾಡಿಯ ಹೊಟ್ಟೆಗೆ ಹೋಗುವುದೆಲ್ಲ ಎಣ್ಣಿಯೇ. ಆದರೆ ಪಂಪಿನಲ್ಲಿ ನಿಂತು ಎಣ್ಣಿ ಅಂದರೆ ಅದು ಡೀಸೆಲ್. ಟ್ರ್ಯಾಕ್ಟರಿಗೆ ಎಣ್ಣಿ, ಮೋಟಾರ್ ಸೈಕಲ್ಲಿಗೆ ಪೆಟ್ರೋಲ್. ಈ ಭಾಗದಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ನನಗೂ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿನಲ್ಲಿ ನಾಲಿಗೆಗೆ ಬರಲಿಲ್ಲ.

ಆಕೆ ಹೋದವಳು ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು.

"ಅಕ್ಕಾರ, ಇದರ ಬಾಯಿ ಸಣ್ಣದೈತ್ರಿ. ಪೈಪಿನ ನಳಗಿ ಒಳಗ ಹೋಗವಲ್ದು. ಎಣ್ಣಿನ ಹೌದಲ್ರಿ?"

ಇದನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ಒಂದು ಸಲ ತಪ್ಪಿದವಳಿಗೆ ದೇವರು ಎರಡನೆಯ ಸಲ ಕೇಳಿಸಿದ. ಆ ಹೆಂಗಸಿನ ಬಾಯಿಂದ, ಸ್ಪಷ್ಟವಾಗಿ. ನಾನು ಹೇಳಿದ್ದಿಷ್ಟು: "ಹೌದವಾ, ಓರೆ ಹಿಡದು ನಿಧಾನಕ ಹಾಕು. ನನಗ ಜಪಾ ಐತಿ."

ಆಕೆ ಓರೆ ಹಿಡಿದು, ನಿಧಾನವಾಗಿ, ಒಂದು ಹನಿಯೂ ಚೆಲ್ಲದ ಹಾಗೆ ಹಾಕಿದಳು. ಟಾಕಿ ತುಂಬುವ ಮೊದಲೇ ಯಜಮಾನರು ಗಡಿಯಾರ ನೋಡಿಕೊಂಡು, "ಇರ್ಲಿ, ಸಾಕು" ಎಂದು ಬಾನೆಟ್ ಹಾಕಿ, ಬಿಲ್ಲಿನ ಚೀಟಿ ನೋಡದೆ ಕಿಸೆಗೆ ಇಳಿಸಿ ಹೊರಟರು.

ಒಂದು ಮೈಲು ಹೋಗಿರಲಿಕ್ಕಿಲ್ಲ. ಗಾಡಿ ಕೆಮ್ಮಿತು. ಸೀಟು ನಡುಗಿತು. ಹಿಂದಿನಿಂದ ಬಿಳಿ ಹೊಗೆ ಎದ್ದು ರಸ್ತೆಯೇ ಕಾಣದಾಯಿತು. ಐದುನೂರಾ ಇಪ್ಪತ್ತು ಕುದುರೆಗಳೂ ಒಟ್ಟಿಗೆ ಮಲಗಿದವು. ಯಜಮಾನರು ಎರಡು ಸಲ ಶುರು ಮಾಡಲು ನೋಡಿದರು. ಆಮೇಲೆ ಇಳಿದು, ಟಾಕಿಯ ಮುಚ್ಚಳ ತೆಗೆದು ಮೂಸಿದರು. ಕಿಸೆಯಿಂದ ಚೀಟಿ ತೆಗೆದು ಓದಿದರು. ಅವರ ಮುಖ ಹಾಗಾದದ್ದನ್ನು ನಾನು ಮಗಳ ಆಪರೇಷನ್ನಿನ ದಿನ ಬಿಟ್ಟರೆ ಎಂದೂ ನೋಡಿರಲಿಲ್ಲ.

ಆ ಕಡೆಯಿಂದ ಬರುತ್ತಿದ್ದ ಒಂದು ಟ್ರ್ಯಾಕ್ಟರಿನವನು ಹಗ್ಗ ಹಾಕಿ ಗಾಡಿಯನ್ನು ಪಂಪಿಗೆ ವಾಪಸು ಎಳೆದ. ನಾನು ಒಳಗೇ ಕೂತಿದ್ದೆ, ತೊಡೆಯ ಮೇಲೆ ನೀರಿನ ಕೊಡ. ಮುಂದೆ ಟ್ರ್ಯಾಕ್ಟರ್ ಟುಕುಟುಕು ಎನ್ನುತ್ತಿತ್ತು. ಅತ್ತೆಯವರು ನೋಡಿದ್ದರೆ ಏನೆನ್ನುತ್ತಿದ್ದರೋ ಎಂಬ ವಿಚಾರ ಬಂದು ನಗು ಬಂತು. ಆ ಹೊತ್ತಿಗಿನ್ನೂ ತಪ್ಪು ನನ್ನದೆಂದು ನನಗೆ ಹೊಳೆದಿರಲಿಲ್ಲ. ಪಂಪಿನ ಅಂಗಳದಲ್ಲಿ ಆ ಹೆಂಗಸಿನ ಮುಖ ಕಂಡಾಗ ಹೊಳೆಯಿತು.

"ಪೆಟ್ರೋಲ್ ಗಾಡಿಗೆ ಡೀಸೆಲ್ ಹಾಕೀರಲ್ರಿ" ಎಂದರು ಯಜಮಾನರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಸಾಹುಕಾರರು ಆಕೆಯ ಕಡೆ ತಿರುಗಿದರು. "ಏನಬೇ, ಮುಚ್ಚಳದಾಗ ಬರದಿರತೈತಲ್ಲ. ಓದಾಕ ಬರಂಗಿಲ್ಲ ನಿನಗ?"

"ಬರತೈತ್ರಿ. ಅದರಾಗಿನ ಚೀಟಿ ಕಿತ್ತ ಹೋಗೇತ್ರಿ, ನೋಡ್ರಿ ಬೇಕಾರ. ನಾ ಕೇಳೇನ್ರಿ. ಎರಡ ಸಲ ಕೇಳೇನಿ. ಒಳಗ ಕುಂತ ಅಕ್ಕಾರ ಎಣ್ಣಿ ಹಾಕು ಅಂದಾರ್ರಿ."

ಯಜಮಾನರು ಬಾಗಿಲು ತೆರೆದು ಬಗ್ಗಿ ನನ್ನನ್ನು ನೋಡಿದರು. "ನೀ ಏನರ ಹೇಳಿದ್ಯಾ?"

ಆಕೆಯೂ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈಯಲ್ಲಿ ಮಾಲೆ ಹಾಗೇ ಇತ್ತು. ನಾನು ಹೇಳಿದೆ:

"ನಾ ಜಪಾ ಮಾಡಾಕತ್ತಿದ್ನಿ."

ಅದು ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ನೇಮ ಮುರಿಯದ ಹಾಗೆ, ಓರೆ ಹಿಡಿದು, ಒಂದು ಹನಿಯೂ ಚೆಲ್ಲದ ಹಾಗೆ ಹೇಳಿದ ಮಾತು ಅದು.

ಯಜಮಾನರು ನೆಟ್ಟಗೆ ನಿಂತು ಸಾಹುಕಾರರಿಗೆ ಹೇಳಿದರು: "ಜಪದಾಗ ಇದ್ದಾಗ ಆಕಿ ಮನೀಗೆ ಬೆಂಕಿ ಬಿದ್ರೂ ಮಾತಾಡಂಗಿಲ್ರಿ." ಮೂವತ್ತು ವರ್ಷ ಬಾಳಿದ ಗಂಡ ನನ್ನ ಭಕ್ತಿಗೆ ಕೊಟ್ಟ ಸಾಕ್ಷಿ. ಆಮೇಲೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸಾಹುಕಾರರು ಆಕೆಗೆ ನಾಳೆಯಿಂದ ಬರುವುದು ಬೇಡ ಎಂದರು. ಆಕೆ ಹೋಗುವಾಗ ಗಾಡಿಯ ಪಕ್ಕದಲ್ಲೇ ಹಾದು ಹೋದಳು.

ಮಾತಾಜಿಯವರಿಗೆ ಅಂದು ಬೇರೆ ಮನೆಯವರು ಆಹಾರ ಕೊಟ್ಟರಂತೆ. ಸಂಜೆ ಮನೆಯಲ್ಲಿ ಮಾಲೆ ಹಿಡಿದು ಎಣಿಸಿದೆ. ಮಾತಾಜಿ ಉಪವಾಸ ಬೀಳಲಿಲ್ಲ, ಒಂದು. ರಸ್ತೆಯಲ್ಲಿ ಅಪಘಾತ ಆಗಲಿಲ್ಲ, ಎರಡು. ನಾಲ್ಕು ಮಂದಿಯಲ್ಲಿ ಮರ್ಯಾದೆ ಉಳಿಯಿತು, ಮೂರು. ಮೂರನೆಯ ಮಣಿ ದಾಟಿಸಿದ ಮೇಲೆ ಬೆರಳು ಅಲ್ಲೇ ನಿಂತಿತು. ಇನ್ನೊಬ್ಬಳ ಅನ್ನದ ಮೇಲೆ ಉಳಿದ ಮರ್ಯಾದೆಯನ್ನು ದೇವರ ಉಪಕಾರದಲ್ಲಿ ಸೇರಿಸಿದ್ದೆ. ದಾಟಿದ ಮಣಿಯನ್ನು ಹಿಂದಕ್ಕೆ ಎಳೆಯುವ ಕ್ರಮವಿಲ್ಲ.

ಗಾಡಿಯನ್ನು ಕೊಲ್ಹಾಪುರದ ಗ್ಯಾರೇಜಿಗೆ ಒಯ್ದರು. ಮರುದಿನ ಅಲ್ಲಿಯ ಮೇಸ್ತ್ರಿ ಫೋನು ಮಾಡಿದ. ಯಜಮಾನರು ನಾವೂ ಕೇಳಲೆಂದು ದನಿ ದೊಡ್ಡದು ಮಾಡಿದರು.

"ಸಾಹೇಬ್ರ, ಇದು ಹೆಂಗ ಆತ್ರಿ? ಪೆಟ್ರೋಲ್ ಗಾಡಿ ಬಾಯಿ ಸಣ್ಣ ಮಾಡಿರೂದ ಇದಕ್ಕರಿ. ಡೀಸೆಲ್ ನಳಗಿ ಒಳಗ ಹೋಗಬಾರದಂತ. ಬೇಕಂತ ತುರಕಿದ್ರನ ಹೋಗತೈತಿ."

ಹಾಳೆಯಲ್ಲಿ ಅಷ್ಟೆಲ್ಲ ಬರೆದಿತ್ತು. ಬಾಯಿ ಸಣ್ಣದು, ಅದು ತಪ್ಪು ಮಾಡುವವರನ್ನು ತಡೆಯಲಿಕ್ಕೆ ಎಂದು ಬರೆದಿರಲಿಲ್ಲ. ಬರೆದಿದ್ದರೆ ನಾನು ಅದನ್ನೂ ಬಾಯಿಪಾಠ ಮಾಡಿರುತ್ತಿದ್ದೆ.

ಗಾಡಿ ಗ್ಯಾರೇಜಿನಲ್ಲೇ ಇತ್ತು. ಪಡಸಾಲೆಯ ಪಾಠ ಮಾತ್ರ ನಿಲ್ಲಲಿಲ್ಲ. ನಾಲ್ಕೂವರೆ ಸೆಕೆಂಡು ಆದ ಮೇಲೆ ಯಜಮಾನರು ಈಗ ಇನ್ನೊಂದು ಸಾಲು ಸೇರಿಸುತ್ತಿದ್ದರು: "ಓದಾಕ ಬರದಾಕಿನ್ನ ಪಂಪಿನ್ಯಾಗ ನಿಂದ್ರಸ್ಯಾರ ನೋಡ್ರಿ, ಬಾಯಿ ಸಣ್ಣದೈತಿ ಅಂದ್ರೂ ತಿಳೀಲಿಲ್ಲ." ಬಂದವರು ಚಹಾ ಹಿಡಿದು ಲೊಚಗುಟ್ಟುತ್ತಿದ್ದರು. ನಾನು ಬಸಿ ಇಟ್ಟು ಒಳಗೆ ಬರುತ್ತಿದ್ದೆ. ಅತ್ತೆಯವರು ಒಂದು ದಿನ, "ಯಾಕ, ಮಂದಿ ಬಂದ್ರ ನಿನ್ನ ಮಾರಿ ಸಣ್ಣ ಆಗತೈತಿ?" ಎಂದು ಕೇಳಿದರು. ಅದಕ್ಕೂ ಸುಳ್ಳಲ್ಲದ ಒಂದು ಉತ್ತರ ಕೊಟ್ಟೆ. ಸೊಂಟ ನೋಯುತ್ತದೆ ಎಂದೆ. ನೋಯುತ್ತಿತ್ತು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನ, ದಿನಕ್ಕೊಂದು ಧರ್ಮ. ಮೂರನೆಯ ದಿನ ಆರ್ಜವ. ಆರ್ಜವ ಅಂದರೆ ಸೊಟ್ಟ ಇಲ್ಲದ್ದು. ಮನಸ್ಸು, ಮಾತು, ಕೆಲಸ ಮೂರೂ ಒಂದೇ ಗೆರೆಯಲ್ಲಿರುವುದು ಎಂದು ಬಸದಿಯಲ್ಲಿ ಪಂಡಿತರು ಹೇಳಿದರು. ಬಾಯಿಂದ ಸುಳ್ಳು ಆಡದವನೂ ಸೊಟ್ಟ ಇರಬಹುದು ಎಂದರು. ಅವರು ಎಲ್ಲರಿಗೂ ಹೇಳುತ್ತಿದ್ದರು. ನಾನು ಕಂಬದ ಮರೆಗೆ ಸರಿದು ಕೂತೆ.

ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಅಂದು ನಾವು ದೊಡ್ಡವರು ಸಣ್ಣವರು ಎನ್ನದೆ ಒಬ್ಬರಿಗೊಬ್ಬರು ಕೈ ಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತೇವೆ. ಬಸದಿಯ ಅಂಗಳದಲ್ಲಿ ಎಷ್ಟೋ ಜನರಿಗೆ ಕೈ ಮುಗಿದೆ. ನಾನು ಏನೂ ತಪ್ಪು ಮಾಡದವರೆಲ್ಲ ನನ್ನನ್ನು ಸಲೀಸಾಗಿ ಕ್ಷಮಿಸಿದರು. ಮಧ್ಯಾಹ್ನ, ಚಿಕ್ಕೋಡಿಯಲ್ಲಿ ಕೆಲಸವಿದೆ ಎಂದು ಅತ್ತೆಯವರಿಗೆ ಹೇಳಿ ಕೆಂಪು ಬಸ್ಸು ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತು. ಅಂದು ಅದನ್ನು ಎಣಿಸಲಿಲ್ಲ.

ಪಂಪಿನಲ್ಲಿ ಸಾಹುಕಾರರು ಇರಲಿಲ್ಲ. ಆಕೆಯ ಜಾಗದಲ್ಲಿ ನಿಂತಿದ್ದ ಗಂಡಸು, ಆಕೆ ಕರೋಶಿಯವಳೆಂದು, ಮನೆ ಶಾಲೆಯ ಹಿಂದೆ ಎಂದು ಹೇಳಿದ. ಕರೋಶಿಗೆ ಹೋದೆ. ಆಕೆ ಆಗಷ್ಟೇ ಕಬ್ಬಿನ ಕಳೆ ತೆಗೆದು ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ಹಗ್ಗದ ಮೇಲೆ ಪಂಪಿನ ನೀಲಿ ಅಂಗಿ ಒಣಗುತ್ತಿತ್ತು, ಮಡಿಕೆ ಬಿಡಿಸಿ, ನೀಟಾಗಿ.

ನನ್ನನ್ನು ನೋಡಿ ಗುರುತು ಹಿಡಿದಳು. "ಬರ್ರಿ" ಎಂದಳು. ಚಾಪೆ ಹಾಸಿದಳು. ನಾನು ಕೂರದೆ ಕೈ ಮುಗಿದೆ.

"ಇವತ್ತ ನಮ್ಮಲ್ಲಿ ಕ್ಷಮಾ ಕೇಳೂ ದಿನ ಐತವಾ. ಅವತ್ತ ಎಣ್ಣಿ ಅಂದಾಕಿ ನಾನ. ನನ್ನ ತಪ್ಪ."

"ನನಗ ಗೊತ್ತೈತಲ್ರಿ ಅದು" ಎಂದಳು ಆಕೆ, ಕಾಲು ಒರೆಸಿಕೊಳ್ಳುತ್ತ. "ನನಗ ಹೇಳಾಕ ಅಷ್ಟ ದೂರದಿಂದ ಬಂದ್ರೇನು? ನಾ ಅಲ್ಲೇ ನಿಂತಿದ್ನೆಲ್ರಿ."

ನನ್ನ ಕಣ್ಣು ಹಗ್ಗದ ಮೇಲಿನ ಅಂಗಿಯ ಕಡೆ ಹೋಯಿತು. ಮುಗಿದ ಕೈ ಮುಗಿದ ಹಾಗೇ ಇತ್ತು.

"ಅಂಗಿ ಯಾಕ ಒಗದೀನಿ ಅಂತ ನೋಡಾಕತ್ತೀರಿ? ಪಂಪಿನವರು ವಾಪಸ ಕೇಳಿಲ್ಲ. ಕೇಳಿದ್ರ ಕೊಡೂನಂತ ಒಗದ ಇಡತೀನಿ." ಒರೆಸಿದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಹೇಳಿದಳು, "ಕೆಲಸ ಹೋದ್ರ ಹೋಗಲ್ರಿ, ಕೂಲಿ ಎಲ್ಲ್ಯಾರ ಸಿಗತೈತಿ. ಓದಾಕ ಬರಂಗಿಲ್ಲ ಅಂದ್ರಲ್ರಿ ನನಗ. ಹತ್ತನೇತ್ತ ಪಾಸ್ ಆಗೇನಿ. ಆ ಪಂಪಿನ್ಯಾಗ ಮೊದಲ ಹೆಣಮಗಳು ನಾ. ಈಗ ಊರಾಗ ಎಲ್ಲಾರೂ ಏನಂತಾರ ಗೊತ್ತೈತೇನು? ಡೀಸೆಲ್ ಬಾಯಿ ಅಂತಾರ."

"ನಾ ಏನ ಮಾಡ್ಲಿ ಹೇಳವಾ" ಎಂದೆ.

"ಇಲ್ಲಿ ಚಾಪಿ ಮ್ಯಾಲ ಕೈ ಮುಗದ್ರ ನನ್ನ ಆಕಳಿಗಿ ಅಷ್ಟ ಕಾಣತೈತ್ರಿ. ಅಲ್ಲಿ ಬರ್ರಿ. ಸಾಹುಕಾರ್ರ ಮುಂದ, ನಿಮ್ಮ ಯಜಮಾನ್ರ ಮುಂದ ಎಣ್ಣಿ ಅಂದಾಕಿ ನಾನ ಅನ್ರಿ. ಆಮ್ಯಾಲ ಬೇಕಾರ ಕ್ಷಮಾ ಕೇಳ್ರಿ, ನೋಡೂಣು."

ಚಹಾ ಮಾಡಿಕೊಟ್ಟಳು. ಸಕ್ಕರೆ ಕಡಿಮೆ ಇತ್ತು. ಕುಡಿದು, "ಅಲ್ಲಿ ಬರತೀನವಾ" ಎಂದು ಹೇಳಿ ಬಂದೆ.

ಯಜಮಾನರಿಗೆ ಹೇಳಲು ನನಗೆ ಎಂಟು ದಿನ ಬೇಕಾದವು. ಇದನ್ನೂ ಬರೆಯಬೇಕು. ಕ್ಷಮಾವಾಣಿಯ ದಿನ ಮಾತು ಕೊಟ್ಟು ಬಂದವಳು ಎಂಟು ದಿನ ಸುಮ್ಮನಿದ್ದೆ. ಗಾಡಿ ವಾಪಸು ಬರಲಿ, ಅವರ ಮನಸ್ಸು ಹಗುರವಾಗಲಿ ಎಂದು ನೆಪ ಹೇಳಿಕೊಂಡೆ. ಗಾಡಿ ಬಂತು. ಅವರು ಅಂಗಳದಲ್ಲಿ ಅದನ್ನು ಒರೆಸುತ್ತಿದ್ದಾಗ ಹತ್ತಿರ ಹೋಗಿ ನಿಂತೆ.

"ಅವತ್ತ ಎಣ್ಣಿ ಹಾಕು ಅಂದಾಕಿ ನಾನ."

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡೆ.

"ಆಕಿ ಎರಡ ಸಲ ಕೇಳಿದ್ಲು. ಬಾಯಿ ಸಣ್ಣದೈತಿ ಅಂತನೂ ಅಂದ್ಲು. ನಾ ಓರೆ ಹಿಡದ ಹಾಕು ಅಂದ್ನಿ."

ಬಟ್ಟೆ ಹಿಡಿದ ಕೈ ಆಗ ನಿಂತಿತು. ನನ್ನ ಕಡೆ ತಿರುಗಿ ಕೇಳಿದರು: "ನಾ ನಿನ್ನ ಕೇಳಿದ್ನೆಲ್ಲ?"

"ಕೇಳಿದ್ರಿ."

"ಮತ್ತ ಇಷ್ಟ ಮಂದಿ ಮುಂದ ನಾ ಹೇಳಕೋತ ಹೊಂಟಾಗ ನೀ ಚಾ ಕೊಟಕೋತ ನಿಂತಿದ್ದಿ."

"ನಿಂತಿದ್ನಿ."

ಅವರು ಗಾಡಿ ಒರೆಸುವುದನ್ನು ಮುಗಿಸಿದರು. ಅಂದು ಊಟಕ್ಕೆ ಕೂತಾಗ ರೊಟ್ಟಿ ಕೇಳದೆ ಎದ್ದರು. ಕಟ್ಟೆಯ ಮೇಲಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆಯವರು ನನ್ನ ತಾಟಿಗೆ ತಾವೇ ರೊಟ್ಟಿ ಹಾಕಿ, "ಉಣ್ಣು. ನಾಳೆ ದೂರ ಹೋಗೂದೈತಿ" ಎಂದರು. ನನಗೆ ಯಾರೂ ಹಾಗೆಂದು ಹೇಳಿರಲಿಲ್ಲ.

ಮರುದಿನ, ಕರೋಶಿಯಲ್ಲಿ ಆಕೆ ಕೇಳಿದ್ದನ್ನೂ ಹೇಳಿದ ಮೇಲೆ, ಯಜಮಾನರು ಗಾಡಿ ತೆಗೆದರು. ಕರೋಶಿಗೆ ಹೋಗಿ ಆಕೆಯನ್ನು ಹತ್ತಿಸಿಕೊಂಡೆವು. ಆಕೆ ಅಂಗಿ ಹಾಕಿಕೊಂಡಿರಲಿಲ್ಲ, ಮಡಿಸಿ ಚೀಲದಲ್ಲಿ ಇಟ್ಟುಕೊಂಡಿದ್ದಳು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಬಾಗಿಲ ಕಡೆ ಸರಿದೇ ಇದ್ದಳು.

ಪಂಪಿನ ಅಂಗಳದಲ್ಲಿ ಸಾಹುಕಾರರು, ಹೊಸ ಕೆಲಸಗಾರ, ಮೋಟಾರ್ ಸೈಕಲ್ ಹಿಡಿದು ನಿಂತ ನಾಲ್ಕೈದು ಜನ. ನಾನು ಇಳಿದೆ.

"ಸಾಹುಕಾರ್ರ, ಈಕಿ ಕೇಳಿದ್ದು ಖರೆ ಐತ್ರಿ. ಎಣ್ಣಿ ಹಾಕು ಅಂದಾಕಿ ನಾನ. ಎರಡನೇ ಸಲಾನೂ ಹೌದು ಅಂದ್ನಿ. ಅವತ್ತ ಕೇಳಿದಾಗ ಬಾಯಿ ಬಿಡಲಿಲ್ಲ. ಈಕಿಗೆ ಓದಾಕ ಬರತೈತ್ರಿ."

ಸಾಹುಕಾರರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. "ಆತ ಬಿಡ್ರಿ ವೈನಿ, ಇಷ್ಟಕ್ಕ ನೀವ್ಯಾಕ ಬರಬೇಕಾಗಿತ್ತು" ಎಂದರು. ಯಜಮಾನರು ಆಗ ಬಾಯಿ ತೆರೆದರು: "ಇಷ್ಟಕ್ಕ ಅಲ್ರಿ. ಊರ ತುಂಬ ನಾನೂ ಹೇಳಿಕೋತ ತಿರಗೇನಿ. ಆಕಿನ್ನ ತಗೋರಿ ವಾಪಸು." ಸಾಹುಕಾರರು ಹೊಸಬನನ್ನು ಇಟ್ಟುಕೊಂಡಾಗಿದೆ ಎಂದರು, ನೋಡೋಣ ಎಂದರು, ಕೊನೆಗೆ ದೀಪಾವಳಿ ಆದ ಮೇಲೆ ಬೆಳಗಿನ ಪಾಳಿಗೆ ಬಾ ಎಂದರು. ನಾನು ಆಕೆಯ ಕಡೆ ತಿರುಗಿ ಕೈ ಮುಗಿದೆ. ಆಕೆ ತಲೆ ಅಲ್ಲಾಡಿಸಿದಳು. ಕ್ಷಮಿಸಿದೆ ಎಂದೋ, ಆಯಿತು ಹೋಗಿ ಎಂದೋ, ನನಗೆ ಇಂದಿಗೂ ಗೊತ್ತಿಲ್ಲ.

ದೀಪಾವಳಿಯ ನಂತರ ಆಕೆ ಪಂಪಿಗೆ ವಾಪಸು ಬಂದಿದ್ದಾಳೆ. ಯಜಮಾನರು ಪಡಸಾಲೆಯ ಪಾಠದಿಂದ ಆ ಕೊನೆಯ ಸಾಲು ತೆಗೆದರು. ಕೆಲವೊಮ್ಮೆ ಪಾಠವನ್ನೇ ಬಿಟ್ಟು ಮಳೆಯ ಮಾತಾಡುತ್ತಾರೆ. ಟಾಕಿಯ ಮುಚ್ಚಳದ ಒಳಗೆ ಕಿತ್ತುಹೋದ ಚೀಟಿಯ ಜಾಗದಲ್ಲಿ ಕೆಂಪು ಬಣ್ಣದಿಂದ ಪೆಟ್ರೋಲ್ ಎಂದು ಕನ್ನಡದಲ್ಲಿ ಬರೆಸಿದ್ದಾರೆ. ಆದರೂ ಆ ದಾರಿಯಲ್ಲಿ ಹೋದಾಗಲೆಲ್ಲ ಆಕೆ ಮುಚ್ಚಳದ ಕಡೆ ನೋಡುವುದಿಲ್ಲ. ಯಜಮಾನರನ್ನೂ ಕೇಳುವುದಿಲ್ಲ. ಹಿಂದಿನ ಕಿಟಕಿಗೆ ಬಂದು ಗಾಜು ತಟ್ಟುತ್ತಾಳೆ. ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಕೇಳುತ್ತಾಳೆ:

"ಏನ ಹಾಕ್ಲಿರಿ ಅಕ್ಕಾರ? ಬಾಯಿ ಬಿಟ್ಟ ಹೇಳ್ರಿ."

ನಾನು ಮಾಲೆಯನ್ನು ತೊಡೆಯ ಮೇಲಿಟ್ಟು, ಗಾಜು ಇಳಿಸಿ, ಆಕೆಯ ಮುಖ ನೋಡಿ ಹೇಳುತ್ತೇನೆ.

"ಪೆಟ್ರೋಲ್ ಹಾಕವಾ."

"ಪಕ್ಕಾ ಹೌದಲ್ರಿ? ನಕ್ಕಿ?"

"ನಕ್ಕಿ."